ಮೂವತ್ತಾರು ಗೀಟು, ಹದಿನಾಲ್ಕು ಚುಕ್ಕಿ

ಕಾಲೇಜಿನ ಗೇಟಿಗೆ ಕಟ್ಟಿದ್ದ ಫ್ಲೆಕ್ಸಿನಲ್ಲಿ ನನ್ನ ಅಕ್ಕನ ಫೋಟೊ ಇತ್ತು. ಫೋಟೊದ ಸುತ್ತ ಕಂಪ್ಯೂಟರಿನಲ್ಲೇ ಹೂವಿನ ಹಾರ ಹಾಕಿದ್ದರು. ಅಕ್ಕನ ಸ್ಮರಣಾರ್ಥ ಗದ್ವಾಲದ ಕಾಲೇಜಿನ ಜೊತೆ ಹುಡುಗಿಯರ ಬಾಸ್ಕೆಟ್‌ಬಾಲ್ ಪಂದ್ಯ ಎಂದು ತೆಲುಗಿನಲ್ಲಿ ದೊಡ್ಡದಾಗಿ ಬರೆದಿತ್ತು. ಅಲ್ಲಿಯವರೆಗೆ ಓದಿದಾಗ ನನ್ನ ಕಣ್ಣು ತುಂಬಿದವು. ತೀರಿಕೊಂಡು ವರ್ಷವಾದರೂ ಮರೆತಿಲ್ಲವಲ್ಲ ಅಂದುಕೊಂಡೆ. ಆಮೇಲೆ ಕೆಳಗಿನ ಸಾಲು ಓದಿದೆ.

‘ನಿಧಾನದಿಂದ ವೇಗದ ಕಡೆಗೆ. ಗದ್ವಾಲದ ಮೇಲೆ ಅಂದು 35 ಅಂಕ, ಇಂದು 58 ಅಂಕ.’

ಅಂದು ಅಂದರೆ ನನ್ನ ಅಕ್ಕ. ಇಂದು ಅಂದರೆ ಅವಳ ಜಾಗಕ್ಕೆ ಬಂದ ಹೊಸ ಕೋಚ್, ಈ ವರ್ಷ ಮೊದಲೊಮ್ಮೆ ಗದ್ವಾಲದ ಜೊತೆ ಆಡಿಸಿದ್ದ ಪಂದ್ಯ. ಸತ್ತವಳಿಗೆ ಹಾರ ಹಾಕಿ, ಅದೇ ಹಾರದ ಕೆಳಗೆ ಅವಳು ನಿಧಾನ ಎಂದು ಬರೆದಿದ್ದರು. ತೆಲಂಗಾಣದ ಗಡಿಯಲ್ಲಿರುವ ನಮ್ಮ ನಾರಾಯಣಪೇಟೆಯ ಮಂದಿ ಹೋಗುತ್ತಾ ಬರುತ್ತಾ ಓದುತ್ತಿದ್ದರು. ಒಬ್ಬಾತ ಸೈಕಲ್ ನಿಲ್ಲಿಸಿ ಓದಿ, ‘ಹೌದು, ಭಾಳ ಸುಧಾರಿಸ್ಯಾರ’ ಎಂದು ತಲೆದೂಗಿ ಹೋದ.

ನನ್ನ ಕೈಯಲ್ಲಿ ಒಂದು ಕೈಚೀಲವಿತ್ತು. ಅದರಲ್ಲಿ ಮೂರು ಲಾಂಗ್ ಬುಕ್ಕುಗಳು. ಅಕ್ಕ ಕಲಿಸಿದ ಆಟದ ಲೆಕ್ಕವೆಲ್ಲ ಅವುಗಳಲ್ಲಿದೆ, ಬರೆದವನು ನಾನು. ಕಾಲೇಜಿಗೆ ಕೊಟ್ಟುಬಿಡೋಣ, ಅಲ್ಲಿಯೇ ಇರಲಿ ಎಂದು ಆ ದಿನ ತಂದಿದ್ದೆ. ಪಂದ್ಯ ನಾಲ್ಕು ಗಂಟೆಗೆ. ಅಷ್ಟರೊಳಗೆ ಆ ಸಾಲು ಅಲ್ಲಿಂದ ಹೋಗಬೇಕು ಎಂದು ನಿಂತಲ್ಲೇ ನಿಶ್ಚಯಿಸಿದೆ. ಅಕ್ಕನ ಹಳೆಯ ಹುಡುಗಿಯರು ಬರುವವರಿದ್ದರು. ಅವರು ಅದನ್ನು ಓದಬಾರದು.

ನಾನು ಜೋರಾಗಿ ಮಾತನಾಡುವವನಲ್ಲ. ಕನ್ನಡ ಶಾಲೆಯಲ್ಲಿ ಹತ್ತನೆಯ ತರಗತಿ ಮುಗಿಸಿ ಮಗ್ಗದ ಕುಣಿಗೆ ಇಳಿದೆ. ಅಂದಿನಿಂದ ನೇಯುತ್ತಿದ್ದೇನೆ. ಮಗ್ಗದ ಸದ್ದಿನಲ್ಲಿ ದಿನ ಕಳೆಯುವವನಿಗೆ ಮಾತು ಹೆಚ್ಚು ಬೇಕಾಗುವುದಿಲ್ಲ. ಅಕ್ಕ ನನಗಿಂತ ಎರಡು ವರ್ಷ ದೊಡ್ಡವಳು. ಓದಿದಳು, ಓಡಿದಳು, ಆಟದ ತರಬೇತಿ ಮಾಡಿಕೊಂಡು ಈ ಖಾಸಗಿ ಡಿಗ್ರಿ ಕಾಲೇಜಿನಲ್ಲಿ ಹುಡುಗಿಯರಿಗೆ ಆಟ ಕಲಿಸುವ ಕೆಲಸಕ್ಕೆ ಸೇರಿದಳು. ಮದುವೆಯಾಗಲಿಲ್ಲ. ನಮ್ಮ ಮನೆಯಲ್ಲೇ ಇದ್ದಳು. ಮಾತೆಲ್ಲ ಅವಳ ಪಾಲಿಗೆ ಹೋಗಿತ್ತು.

ಲೆಕ್ಕ ಬರೆಯುವ ಕೆಲಸ ನನಗೆ ಬಂದದ್ದು ಹೀಗೆ. ಒಂದು ದಿನ ನಾನು ಸೀರೆಯ ಚೌಕಡಿ ನೇಯುತ್ತಾ ಎಳೆ ಎಣಿಸುತ್ತಿದ್ದೆ. ಇಷ್ಟು ಸಾಲು ಕೆಂಪು, ಇಷ್ಟು ಸಾಲು ಹಳದಿ. ಹೆಂಡತಿ ಚಹಾ ತಂದು ಏನೋ ಕೇಳಿದಳು, ಉತ್ತರ ಕೊಟ್ಟೆ, ಎಣಿಕೆ ತಪ್ಪಲಿಲ್ಲ. ಅಕ್ಕ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು.

‘ಲೋ ತಮ್ಮಾ, ಮಾತಾಡ್ಕೋತನೂ ಎಣಸ್ತೀಯಲ್ಲ. ನನ್ನ ಆಟದ ಲೆಕ್ಕ ಬರೀತೀಯೇನು?’

‘ನನಗ ಆ ಆಟಾನ ಗೊತ್ತಿಲ್ಲ.’

‘ಗೊತ್ತಿರೋದು ಬ್ಯಾಡ. ಗೊತ್ತಿದ್ದೋರು ಆಟ ನೋಡ್ಕೋತ ಕುಂದರ್ತಾರ, ಲೆಕ್ಕ ಬಿಡ್ತಾರ.’

ಅವಳು ಹೇಳಿಕೊಟ್ಟದ್ದು ಸುಲಭವಿತ್ತು. ಚೆಂಡು ನಮ್ಮವರ ಕೈಗೆ ಬಂದು, ಮತ್ತೆ ಅವರ ಕೈಗೆ ಹೋಗುವ ತನಕ ಒಂದು ಸರದಿ. ಪ್ರತಿ ಸರದಿಗೆ ಒಂದು ಗೀಟು. ಬುಟ್ಟಿಗೆ ಬಿದ್ದರೆ ಗೀಟಿನ ಪಕ್ಕ ಅಂಕ ಬರೆಯಬೇಕು. ಕೊನೆಗೆ ಎಷ್ಟು ಗೀಟಿಗೆ ಎಷ್ಟು ಅಂಕ ಎಂದು ನೋಡಬೇಕು. ಅಂಕ ಮಾತ್ರ ನೋಡಿದರೆ ಆಟ ಗೊತ್ತಾಗುವುದಿಲ್ಲ ಎನ್ನುತ್ತಿದ್ದಳು. ‘ನೂರು ಸಲ ಚೆಂಡು ಸಿಕ್ಕೋಳು ಅರವತ್ತು ಮಾಡಿದ್ರ, ಐವತ್ತು ಸಲ ಸಿಕ್ಕೋಳು ಮೂವತ್ತೈದು ಮಾಡಿದ್ರ, ಯಾರು ಚೊಲೋ ಆಡಿದ್ರು ಹೇಳು?’ ನಾನು ನೇಕಾರ, ನನಗೆ ಅದು ತಕ್ಷಣ ತಿಳಿಯಿತು. ವಾರಕ್ಕೆ ಎರಡು ಸೀರೆ ನೇಯುವವನೂ ನಮ್ಮ ಓಣಿಯಲ್ಲಿದ್ದಾನೆ, ಒಂದೇ ನೇಯುವವನೂ ಇದ್ದಾನೆ. ಸೀರೆಯ ಸಂಖ್ಯೆ ನೋಡಿ ಯಾರು ಒಳ್ಳೆಯ ನೇಕಾರ ಎಂದು ಯಾರೂ ಹೇಳುವುದಿಲ್ಲ. ಬಿಚ್ಚಿ ನೋಡುತ್ತಾರೆ.

ಮೊದಲ ವರ್ಷ ಅಕ್ಕನ ಹುಡುಗಿಯರೂ ಓಡಿ ಆಡುತ್ತಿದ್ದರು. ಅವಳ ಹತ್ತಿರ ಇದ್ದದ್ದು ಆರೇ ಹುಡುಗಿಯರು. ಅಂಕಣದಲ್ಲಿ ಐವರು, ಬೆಂಚಿನಲ್ಲಿ ಒಬ್ಬಳು. ಗದ್ವಾಲದವರ ಹತ್ತಿರ ಹನ್ನೆರಡು ಮಂದಿ ಇರುತ್ತಿದ್ದರು. ಇನ್ನಷ್ಟು ಹುಡುಗಿಯರನ್ನು ಕೊಡಿ, ಆಟದ ಸಮಯಕ್ಕೆ ಪಾಠ ಇಡಬೇಡಿ ಎಂದು ಅಕ್ಕ ಪ್ರತಿ ವರ್ಷ ಕೇಳಿದಳು. ಪ್ರತಿ ವರ್ಷ ‘ನೋಡೋಣ’ ಎಂದರು. ಆರರಲ್ಲಿ ಮೂವರು ಮಾಗನೂರು ಕಡೆಯಿಂದ ಬೆಳಗಿನ ಬಸ್ಸು ಹಿಡಿದು ಬರುತ್ತಿದ್ದರು. ಅಪ್ಪ ಅಮ್ಮ ದುಡಿಯಲು ದೂರ ಹೋದ ತಿಂಗಳುಗಳಲ್ಲಿ ಆ ಮಕ್ಕಳು ತಾವೇ ರೊಟ್ಟಿ ಮಾಡಿಕೊಳ್ಳಬೇಕು. ಎಷ್ಟೋ ಸಲ ಮಾಡಿಕೊಳ್ಳದೆಯೇ ಬರುತ್ತಿದ್ದರು.

ಆ ವರ್ಷ ಮಕ್ತಲ್‌ನಲ್ಲಿ ಗದ್ವಾಲದವರ ಜೊತೆ ಒಂದು ಪಂದ್ಯ ನಡೆಯಿತು. ಬಿಸಿಲು ಸುಡುತ್ತಿತ್ತು. ಓಡಿದರು, ಕೈಗೆ ಕೈ ತಗುಲಿತು, ಫೌಲ್ ಆಯಿತು. ಒಬ್ಬಳಿಗೆ ಐದು ಫೌಲ್ ಆದರೆ ಹೊರಗೆ ಕೂರಬೇಕು. ಇಬ್ಬರು ಹಾಗೆ ಹೊರಗೆ ಹೋದರು. ಕೊನೆಯ ಹೊತ್ತಿನಲ್ಲಿ ನಮ್ಮವರು ನಾಲ್ವರೇ ಆಡಿದರು. ಅವರಲ್ಲೊಬ್ಬಳು ಗೆರೆಯ ಹೊರಗೆ ಹೋಗಿ ವಾಂತಿ ಮಾಡಿಕೊಂಡು ಬಂದು ಮತ್ತೆ ನಿಂತಳು. ನೋಡುವವರು ನಗುತ್ತಿದ್ದರು.

ಕುರಿ ಸಾಕುವ ಮನೆಯ ಹುಡುಗಿಯೊಬ್ಬಳು ತಂಡದಲ್ಲಿದ್ದಳು. ಬೀರಪ್ಪನ ಭಂಡಾರ ಹಣೆಗೆ ಹಚ್ಚಿಕೊಳ್ಳದೆ ಅಂಕಣಕ್ಕೆ ಇಳಿಯುತ್ತಿರಲಿಲ್ಲ. ಬಸ್ಸಿಗೆ ಕಾಯುವಾಗ ಅವಳೇ ಮಾತು ತೆಗೆದಳು.

‘ಮೇಡಂ, ಕುರಿ ಹಿಂದ ಓಡಬಾರದ್ರಿ. ಓಡಿದ್ರ ಚೆದರತಾವ. ಬಾಜೂಕ ಸಾವಕಾಶ ನಡೀಬೇಕು. ತಾವ ಜಾಗ ಬಿಡತಾವ.’

‘ಏ ಹುಚ್ಚಿ, ಚೆಂಡು ಕುರಿ ಅಲ್ಲ.’

‘ಚೆಂಡಿಗೆ ಎಲ್ಲಿ ಅಂದೆನ್ರಿ? ಆ ಗದ್ವಾಲದ ಹುಡುಗ್ಯಾರಿಗೆ ಅಂದೆ.’

ಸೋತು ಸುಣ್ಣವಾಗಿದ್ದ ಹುಡುಗಿಯರೆಲ್ಲ ನಕ್ಕರು. ಅಕ್ಕ ಮಾತ್ರ ನಗಲಿಲ್ಲ, ಯೋಚನೆಗೆ ಬಿದ್ದಿದ್ದಳು. ಮರುದಿನದಿಂದ ಅವಳ ಆಟ ಬದಲಾಯಿತು. ಚೆಂಡು ಸಿಕ್ಕರೆ ಓಡಬಾರದು. ಕೈಯಿಂದ ಕೈಗೆ ಸಾಗಿಸುತ್ತಾ ಇರಬೇಕು. ಎದುರಿನವರು ಬೇಸತ್ತು ಒಂದು ಹೆಜ್ಜೆ ತಪ್ಪಿಟ್ಟಾಗ, ಖಾಲಿ ನಿಂತವಳು ಬುಟ್ಟಿಗೆ ಹಾಕಬೇಕು. ಸರದಿ ಕಡಿಮೆಯಾದವು. ಅವರಿಗೂ ಕಡಿಮೆ, ನಮಗೂ ಕಡಿಮೆ. ಫೌಲ್ ಕಡಿಮೆಯಾದವು. ಆರು ಹುಡುಗಿಯರು ಆಟದ ಕೊನೆಯ ತನಕ ಕಾಲ ಮೇಲೆ ನಿಂತರು.

ನೋಡುವವರಿಗೆ ಅದು ಹಿಡಿಸಲಿಲ್ಲ. ‘ಏನವ್ವಾ, ಚೆಂಡಿಗೆ ಹಾಲು ಕುಡಸಾಕ ಹತ್ತೀರೇನು?’ ಎಂದು ಕೂಗುತ್ತಿದ್ದರು. ಅಕ್ಕ ತಿರುಗಿ, ‘ಹೌದ್ರೀ, ಹಸದೈತಿ’ ಎನ್ನುತ್ತಿದ್ದಳು.

ಫ್ಲೆಕ್ಸಿನಲ್ಲಿ ಬರೆದಿದ್ದ ಮೂವತ್ತೈದು ಅಂಕದ ಪಂದ್ಯ ಅಕ್ಕನ ಕೊನೆಯ ಪಂದ್ಯ. ಗದ್ವಾಲದಲ್ಲಿ ನಡೆದದ್ದು. ಎರಡು ಅಂಕದಿಂದ ಸೋತೆವು. ಹನ್ನೆರಡು ಹುಡುಗಿಯರ ತಂಡವನ್ನು ಮೂವತ್ತೇಳಕ್ಕೆ ಕಟ್ಟಿಹಾಕಿದ್ದೆವು. ಬರುವಾಗ ಬಸ್ಸು ಜೂರಾಲ ಅಣೆಕಟ್ಟು ದಾಟಿತು. ಹಿಂದಿನ ಸೀಟಿನಲ್ಲಿ ಅಕ್ಕ ನನ್ನ ಪುಸ್ತಕ ಇಸಿದುಕೊಂಡು, ಹಾಜರಿ ಹಾಕುವ ಕೆಂಪು ಪೆನ್ನು ಹಿಡಿದು ಕೂತಿದ್ದಳು. ನಾನು ಮುಂದೆ ಕಿಟಕಿ ಪಕ್ಕ ಕೂತಿದ್ದೆ. ಮಾತು ಕೇಳುತ್ತಿತ್ತು.

‘ನೀ ಎಷ್ಟು ಕಳಕೊಂಡಿ?’

‘ಮೂರು ರೀ ಮೇಡಂ.’

‘ಸುಳ್ಳು ರೀ, ನಾಕು! ಒಂದು ನನ್ನ ಕಾಲಿಗೆ ಹೊಡದಾಳ್ರಿ.’

‘ನಿನ್ನ ಕಾಲು ಯಾಕ ಅಲ್ಲಿ ಇಟ್ಟಿದ್ದಿ, ಅದು ನಿನ್ನ ಲೆಕ್ಕಕ್ಕ!’

‘ಜಗಳ ಬ್ಯಾಡ, ಇಬ್ಬರಿಗೂ ಸೇರಿ ಒಂದು ಹಾಕೀನಿ. ನೀ ಹೇಳವ್ವ, ಬೀರಪ್ಪನ ಮಗಳೇ.’

‘ನಂದು ಐದು ರೀ. ಕಡೀದು ಭಾಳ ಕೆಟ್ಟದ್ದು. ಅದನ್ನ ಎರಡು ಅಂತ ಬರ್ಕೋರಿ ಬೇಕಾದ್ರ.’

ಸೋತದ್ದಕ್ಕೆ ಗದರಿಸುತ್ತಿದ್ದಾಳೆ ಅಂದುಕೊಂಡು ನಾನು ಕಿಟಕಿಗೆ ತಲೆ ಆನಿಸಿ ಕಣ್ಣು ಮುಚ್ಚಿದೆ. ಆ ವರ್ಷವೇ ಅವಳಿಗೆ ಕಾಯಿಲೆ ಬಂತು. ಅದರ ಬಗ್ಗೆ ಬರೆಯಲು ನನ್ನಿಂದ ಆಗುವುದಿಲ್ಲ. ಅವಳ ಸೀಟಿ ಈಗ ನಮ್ಮ ಮಗ್ಗದ ಕಂಬಕ್ಕೆ ನೇತು ಬಿದ್ದಿದೆ. ಲಾಳಿ ಎಸೆದಾಗಲೆಲ್ಲ ಸ್ವಲ್ಪ ಅಲುಗುತ್ತದೆ. ಪುಸ್ತಕಗಳನ್ನು ಅವಳ ಟ್ರಂಕಿನಲ್ಲಿಟ್ಟು ಬೀಗ ಹಾಕಿದ್ದೆ. ಆ ದಿನದ ತನಕ ತೆರೆದಿರಲಿಲ್ಲ.

ಗೇಟಿನಿಂದ ನೆಟ್ಟಗೆ ಪ್ರಿನ್ಸಿಪಾಲರ ಕೋಣೆಗೆ ಹೋದೆ. ಅವರು ಅಲಂಪುರ ಕಡೆಯ ತೆಲುಗಿನವರು, ನಮ್ಮ ಕನ್ನಡ ಕಲಿತಿದ್ದಾರೆ.

‘ಕೂರ್ಚೋಂಡಿ, ಕೂಡ್ರಿ. ಫ್ಲೆಕ್ಸ್ ನೋಡಿದ್ರಾ? ಹೆಂಗೈತಿ?’

‘ಕೆಳಗಿನ ಸಾಲು ತೆಗೀರಿ ಸಾರು.’

‘ಯಾವ ಸಾಲು?’

‘ನಿಧಾನ ಅಂತ ಐತಲ್ರಿ.’

‘ಅದು ಮೇಡಂಗ ಅಂದದ್ದಲ್ರಿ! ಕಾಲೇಜು ಬೆಳದೈತಿ ಅಂತ ತೋರಸಾಕ.’

‘ಮ್ಯಾಲ ಫೋಟೊ ಯಾರ್ದೈತ್ರಿ?’

‘ನೋಡ್ರಿ, ನಿಮ್ಮ ದುಃಖ ನನಗ ಸಮಝ್ ಆಗತೈತಿ. ಆದ್ರ ಲೆಕ್ಕ ಲೆಕ್ಕನ ಅಲ್ಲೇನು? ಮೂವತ್ತೈದು ದೊಡ್ಡದೋ, ಐವತ್ತೆಂಟು ದೊಡ್ಡದೋ?’

ಇನ್ನಷ್ಟು ಹುಡುಗಿಯರನ್ನು ಕೊಡಿ ಎಂದು ಅಕ್ಕ ಕೇಳಿದಾಗ ‘ನೋಡೋಣ’ ಎಂದವರು ಇವರೇ. ಅಕ್ಕ ಹೋದ ಮೇಲೆ ಹೊಸ ಕೋಚ್ ಕೇಳಿದಾಗ ಹನ್ನೆರಡು ಹುಡುಗಿಯರನ್ನು ಕೊಟ್ಟವರೂ ಇವರೇ. ಆಟದ ಸಮಯಕ್ಕೆ ಇದ್ದ ಪಾಠ ಎತ್ತಿಸಿದರು, ಮಧ್ಯಾಹ್ನ ಬಾಳೆಹಣ್ಣು, ಮೊಟ್ಟೆಯ ವ್ಯವಸ್ಥೆಯೂ ಮಾಡಿಸಿದರು. ಆ ಹುಡುಗಿಯರಿಗೆ ಅದು ಸಿಕ್ಕಿದ್ದು ನನಗೆ ಸಂತೋಷವೇ. ಆದರೆ ತಾವು ಕೊಡದೆ ಇದ್ದದ್ದನ್ನು ಅಕ್ಕನ ತಪ್ಪು ಮಾಡಿ ಗೇಟಿಗೆ ಕಟ್ಟಿದ್ದಾರಲ್ಲ, ಅದು ನುಂಗಲಾಗಲಿಲ್ಲ. ಚೀಲದಿಂದ ಪುಸ್ತಕ ತೆಗೆದು ಮೇಜಿನ ಮೇಲೆ ಹಾಕಿದೆ. ಹಾಕಿದ ಸದ್ದಿಗೆ ನಾನೇ ಬೆಚ್ಚಿದೆ.

‘ಹೊಸ ಕೋಚನ್ನ ಕರೀರಿ. ಐವತ್ತೆಂಟು ಅಂಕ ಎಷ್ಟು ಸರದಿಗೆ ಬಂದಾವ ಅಂತ ಅವರ ಬಾಯಿಲೆ ಹೇಳಸ್ರಿ.’

ಕರೆಸಿದರು. ಇಪ್ಪತ್ತಾರು ಇಪ್ಪತ್ತೇಳರ ಹುಡುಗ, ಹೈದರಾಬಾದಿನಲ್ಲಿ ಕಲಿತವನು. ಪ್ರತಿ ಪಂದ್ಯವನ್ನೂ ಫೋನಿನಲ್ಲಿ ಚಿತ್ರೀಕರಿಸಿ ಎಣಿಸುತ್ತಾನೆ ಎಂದು ಕೇಳಿದ್ದೆ. ನಾನು ಕೇಳಿದ ಪ್ರಶ್ನೆಗೆ ಅವನು ನೆಲ ನೋಡಿದ.

‘ಎಂಬತ್ನಾಕು ಸರದಿ ಅಣ್ಣಾ.’

‘ಕೇಳಿದ್ರಾ ಸಾರು? ಎಂಬತ್ನಾಕು ಸಲ ಚೆಂಡು ಸಿಕ್ಕಾಗ ಐವತ್ತೆಂಟು. ನಮ್ಮಕ್ಕಂದು ನೋಡ್ರಿ. ಮೂವತ್ತಾರು ಗೀಟು, ಮೂವತ್ತೈದು ಅಂಕ. ಹೆಚ್ಚುಕಮ್ಮಿ ಸರದಿಗೊಂದು. ಯಾರು ನಿಧಾನ್ರಿ? ಯಾರು ಕಮ್ಮಿ?’

ಈ ‘ಸರದಿಗೊಂದು’ ಎಂಬ ಮಾತನ್ನು ನಾನು ವರ್ಷಗಳಿಂದ ಓಣಿಯಲ್ಲಿ, ಚಹಾ ಅಂಗಡಿಯಲ್ಲಿ ಹೇಳಿಕೊಂಡು ತಿರುಗಿದ್ದೆ. ಕೋಚ್ ಹುಡುಗ ಪುಸ್ತಕ ಎಳೆದುಕೊಂಡು ಪುಟ ನೋಡಿದ.

‘ಅಣ್ಣಾ, ಚೆಂಡು ಹಾಕೋಕ ಮುಂಚೇನ ಕಳಕೊಂಡ ಸರದಿ ಇದರಾಗ ಎಲ್ಲಿ ಅದಾವ?’

‘ಹಾಕಲಿಲ್ಲ ಅಂದ ಮ್ಯಾಲ ಅದೆಂಥ ಸರದಿ?’

ಹೇಳುವಾಗಲೇ ನನಗೆ ಏನೋ ತಪ್ಪಿದಂತೆ ಅನಿಸಿತು. ಮಗ್ಗದಲ್ಲಿ ಲಾಳಿ ಎಸೆದಾಗ ಎಳೆ ನಡುವೆ ಹರಿದರೆ ಆ ಸಾಲು ಎಣಿಕೆಗಿಲ್ಲ. ಹರಿದದ್ದನ್ನು ತೆಗೆದು ಹೊಸದಾಗಿ ಎಸೆಯಬೇಕು, ಆಗ ಎಣಿಸಬೇಕು. ಸಣ್ಣಂದಿನಿಂದ ಹಾಗೆ ಎಣಿಸಿದ ಕೈ ಇದು. ಆಟದಲ್ಲೂ ಹಾಗೆಯೇ ಎಣಿಸಿದ್ದೆ. ಹುಡುಗಿಯರು ಚೆಂಡು ಕಳೆದುಕೊಂಡ ಒಂದು ಸರದಿಗೂ ನಾನು ಗೀಟು ಹಾಕಿರಲಿಲ್ಲ. ಮಗ್ಗದಲ್ಲಿ ಮತ್ತೆ ಎಸೆಯಬಹುದು. ಅಂಕಣದಲ್ಲಿ ಕಳೆದ ಚೆಂಡು ಎದುರಿನವರ ಕೈಯಲ್ಲಿರುತ್ತದೆ. ಇಷ್ಟು ವರ್ಷ ಇದು ನನಗೆ ಹೊಳೆದಿರಲಿಲ್ಲ.

ಪ್ರಿನ್ಸಿಪಾಲರು ಕುರ್ಚಿಗೆ ಒರಗಿ, ‘ನೋಡಿದ್ರಾ ಮತ್ತ’ ಎಂದರು. ನಾನು ಪುಸ್ತಕ ಮುಚ್ಚಲು ಹೋದೆ. ಕೋಚ್ ಹುಡುಗ ಬಿಡಲಿಲ್ಲ.

‘ನಿಂದರ್ರಿ ಅಣ್ಣಾ. ಅಂಚಿನಾಗ ಈ ಕೆಂಪು ಚುಕ್ಕಿ ಏನು?’

ಪುಟದ ಅಂಚಿನಲ್ಲಿ ಮೇಲಿನಿಂದ ಕೆಳಗೆ ಕೆಂಪು ಚುಕ್ಕಿಗಳಿದ್ದವು. ಎಣಿಸಿದ, ಹದಿನಾಲ್ಕು. ಹಿಂದಿನ ಪುಟ ತಿರುಗಿಸಿದ, ಅಲ್ಲಿಯೂ ಇದ್ದವು. ಅಕ್ಕನ ಯಾವುದೋ ಗುರುತು ಎಂದು ನಾನು ಅವನ್ನು ಯಾವತ್ತೂ ಎಣಿಸಿರಲಿಲ್ಲ. ಆಗ ನನಗೆ ಜೂರಾಲ ದಾಟಿದ ಬಸ್ಸು ನೆನಪಾಯಿತು. ‘ನೀ ಎಷ್ಟು ಕಳಕೊಂಡಿ?’ ಅವಳು ಗದರಿಸುತ್ತಿರಲಿಲ್ಲ. ನಾನು ಬಿಟ್ಟದ್ದನ್ನು ತುಂಬುತ್ತಿದ್ದಳು. ತಮ್ಮನ ಎಣಿಕೆ ತಪ್ಪುತ್ತದೆ ಎಂದು ಗೊತ್ತಿದ್ದೂ, ಅವನ ಮುಖ ಸಣ್ಣದು ಮಾಡದೆ, ಹುಡುಗಿಯರ ಬಾಯಿಂದ ಕೇಳಿ ಚುಕ್ಕಿ ಇಡುತ್ತಾ ಬಂದಿದ್ದಳು. ಅವಳು ಒಮ್ಮೆಯಾದರೂ ನನ್ನನ್ನು ಬೈದಿದ್ದರೆ ಚೆನ್ನಾಗಿತ್ತು.

ಮೂವತ್ತಾರು, ಹದಿನಾಲ್ಕು, ಒಟ್ಟು ಐವತ್ತು ಸರದಿ. ಮೂವತ್ತೈದು ಅಂಕ. ಕೋಚ್ ಹುಡುಗ ಫೋನಿನಲ್ಲಿ ಭಾಗಿಸಿದ. ‘ಮೇಡಂದು ನೂರು ಸರದಿಗೆ ಎಪ್ಪತ್ತು ಬರತೈತಿ. ನಂದು ಅರವತ್ತೊಂಬತ್ತು.’

‘ಅಂದ್ರ ಎರಡೂ ಒಂದ’ ಎಂದರು ಪ್ರಿನ್ಸಿಪಾಲರು.

‘ಹೌದು ಸಾರು, ಒಂದ. ಅವರ ಹತ್ರ ಆರು ಹುಡುಗ್ಯಾರು. ನನ್ನ ಹತ್ರ ಹನ್ನೆರಡು.’ ಅವನು ಇನ್ನೂ ನೆಲವನ್ನೇ ನೋಡುತ್ತಿದ್ದ. ‘ಅವರು ಗದ್ವಾಲಕ್ಕ ಮೂವತ್ತೇಳು ಅಂಕ ಬಿಟ್ಟುಕೊಟ್ಟಾರ. ನಾನು ಎಪ್ಪತ್ತು ಅಂಕ ಬಿಟ್ಟುಕೊಟ್ಟೀನಿ. ಇದನ್ನ ಅವತ್ತ ನಿಮಗ ಹೇಳಿದ್ನಲ್ಲ ಸಾರು. ಫ್ಲೆಕ್ಸಿನಾಗ ಸರದಿ ಗಿರದಿ ಯಾರಿಗೂ ತಿಳಿಯಂಗಿಲ್ಲ, ದೊಡ್ಡ ಅಂಕ ಹಾಕು ಅಂದ್ರಿ.’

ನನಗೆ ಆ ಹುಡುಗನ ಮೇಲೂ ಸಿಟ್ಟು ಬಂತು. ಗೊತ್ತಿತ್ತು ಅವನಿಗೆ. ಗೊತ್ತಿದ್ದೂ ಅವನೇ ನಿಂತು ಕಟ್ಟಿಸಿದ್ದ. ವರ್ಷ ವರ್ಷ ನವೀಕರಣವಾಗಬೇಕಾದ ಗುತ್ತಿಗೆಯ ಕೆಲಸ ಅವನದು, ಬಾಯಿ ಬಿಡುವುದು ಕಷ್ಟ. ಅಕ್ಕನದೂ ಅಂಥದೇ ಕೆಲಸವಾಗಿತ್ತು. ಅವಳು ಪ್ರತಿ ವರ್ಷ ಬಾಯಿ ಬಿಟ್ಟಳು.

‘ಆತು ಬಿಡ್ರಿ’ ಎಂದರು ಪ್ರಿನ್ಸಿಪಾಲರು. ‘ಪಂದ್ಯ ಮುಗದ ಮ್ಯಾಲ ಹೆಂಗಿದ್ರೂ ಇಳಸ್ತೀವಿ.’

‘ಮುಗದ ಮ್ಯಾಲ ಬ್ಯಾಡ್ರಿ. ಈಗ. ಇಲ್ಲಾಂದ್ರ ಆ ಫೋಟೊ ಕತ್ತರಿಸ್ಕೊಂಡು ಮನೀಗೆ ಒಯ್ತೀನಿ. ನನ್ನ ಕಿಸೆದಾಗ ಕತ್ತರಿ ಐತಿ.’

ಕತ್ತರಿ ನಿಜವಾಗಿಯೂ ಇತ್ತು, ಎಳೆ ಕತ್ತರಿಸುವ ಸಣ್ಣದು. ನೇಕಾರನ ಕಿಸೆಯಲ್ಲಿ ಅದು ಯಾವಾಗಲೂ ಇರುತ್ತದೆ. ಪ್ರಿನ್ಸಿಪಾಲರು ನನ್ನ ಕೈ ನೋಡಿದರು, ಬಾಗಿಲು ನೋಡಿದರು. ‘ಏನಾರ ಅಂಟಿಸಿ ಮುಚ್ಚು ಹೋಗಪ್ಪಾ’ ಎಂದು ಹುಡುಗನಿಗೆ ಹೇಳಿದರು.

ನಾವು ಗೇಟಿಗೆ ಬರುವಷ್ಟರಲ್ಲಿ ಕುರಿ ಸಾಕುವ ಮನೆಯ ಆ ಹುಡುಗಿ ಬಂದು ನಿಂತಿದ್ದಳು. ಈಗ ಮಕ್ತಲ್‌ನ ಒಂದು ಶಾಲೆಯಲ್ಲಿ ಮಕ್ಕಳಿಗೆ ಆಟ ಕಲಿಸುತ್ತಾಳೆ. ತಡವಾಗಿತ್ತು, ಅವಳು ಓದಿಬಿಟ್ಟಿದ್ದಳು.

‘ಕಾಕಾ, ಇದನ್ನ ಬರದ ಪುಣ್ಯಾತ್ಮ ಯಾರ್ರಿ? ಓಡಾಕ ಹಚ್ಚಬೇಕು ಅವನಿಗೆ. ಉಪವಾಸ. ಮಕ್ತಲ್‌ನ ಬಿಸಿಲಾಗ.’

ಕೋಚ್ ಹುಡುಗ ಬಿಳಿ ಹಾಳೆ, ಟೇಪು ಹಿಡಿದು ಏಣಿಯ ಹತ್ತಿರ ನಿಂತಿದ್ದ. ಅವಳು ಅವನನ್ನು ಮೇಲಿಂದ ಕೆಳಗೆ ನೋಡಿ, ‘ಸರೀರಿ, ನೀವು ಏಣಿ ಹಿಡೀರಿ’ ಎಂದು ತಾನೇ ಹತ್ತಿದಳು. ಸಾಲಿನ ಮೇಲೆ ಹಾಳೆ ಇಟ್ಟು ನಾಲ್ಕೂ ಮೂಲೆಗೆ ಟೇಪು ಹಚ್ಚಿದಳು. ಕೆಳಗಿಳಿದು ಅಕ್ಕನ ಫೋಟೊಗೆ ಕೈಮುಗಿದಳು. ಬಿಳಿ ಹಾಳೆ ಹಾಗೆಯೇ ಉಳಿಯಿತು. ನಿಧಾನ ಎಂದದ್ದನ್ನು ಮುಚ್ಚಿದರು, ಯಾಕೆ ನಿಧಾನ ಎಂಬುದನ್ನು ಅದರ ಮೇಲೆ ಬರೆಯಲು ಯಾರೂ ಮುಂದೆ ಬರಲಿಲ್ಲ. ಬೆಳಗಿನಿಂದ ಅದನ್ನು ಓದಿದ ಮಂದಿಗೆ ಯಾರು ಹೋಗಿ ಹೇಳುತ್ತಾರೆ? ಸೈಕಲ್ ನಿಲ್ಲಿಸಿ ತಲೆದೂಗಿದ ಆ ಮನುಷ್ಯ ಈಗಲೂ ಹಾಗೆಯೇ ತಿಳಿದಿರುತ್ತಾನೆ. ಅದಕ್ಕೇ ನಾನು ಇದನ್ನು ಬರೆಯುತ್ತಿದ್ದೇನೆ.

ಪುಸ್ತಕಗಳನ್ನು ಕಾಲೇಜಿಗೆ ಕೊಡಲಿಲ್ಲ. ಪಂದ್ಯ ಶುರುವಾಗುವ ಮುಂಚೆ ಕೋಚ್ ಹುಡುಗ ಬಂದು, ಲೆಕ್ಕ ಬರೆಯುವ ಕುರ್ಚಿ ತೋರಿಸಿ, ‘ಇವತ್ತ ನೀವ ಕುಂದರ್ರಿ ಅಣ್ಣಾ’ ಎಂದ. ಬೇಡ ಎನ್ನಲು ಬಾಯಿ ತೆರೆದೆ. ಕುರಿ ಸಾಕುವ ಮನೆಯ ಹುಡುಗಿ ಅಷ್ಟರಲ್ಲಿ ತನ್ನ ಚೀಲದಿಂದ ಕೆಂಪು ಪೆನ್ನು ತೆಗೆದು ನನ್ನ ಮುಂದಿಟ್ಟಿದ್ದಳು.

ಸೀಟಿ ಊದಿದರು. ಚೆಂಡು ನಮ್ಮ ಹುಡುಗಿಯ ಕೈಗೆ ಬಂತು. ಅವಳು ಓಡಿದಳು, ಬಹಳ ಜೋರಾಗಿ ಓಡಿದಳು. ಅರ್ಧ ಅಂಕಣ ದಾಟುವಷ್ಟರಲ್ಲಿ ಗದ್ವಾಲದವಳು ಅದನ್ನು ಕಸಿದುಕೊಂಡಳು. ನಾನು ಹೊಸ ಪುಟದ ಅಂಚಿನಲ್ಲಿ ಒಂದು ಚುಕ್ಕಿ ಇಟ್ಟೆ.